ಅಮ್ಮನ ಗಿಡದ ಹೂವು

ಮಾರ್ಚ್ ೧೪, ಶುಕ್ರವಾರ

ಹೂವು ಹಳದಿ!

ಅಮ್ಮ ಹೋದ ಮೇಲೆ ನನ್ನ ಪಾಲಿಗೆ ಬಂದ, ದಪ್ಪ ಎಲೆಯ ಸಕ್ಯುಲೆಂಟ್ ಗಿಡ ಐದು ವರ್ಷದಲ್ಲಿ ಇವತ್ತೇ ಮೊದಲ ಸಲ ಅರಳಿದ್ದು. ಹೂದಂಟನ್ನು ಕತ್ತರಿಸಿ ನೆಟ್ಟರೆ ಅದೂ ಚಿಗುರುತ್ತದಂತೆ ಎಂದು ಕತ್ತರಿ ಹಿಡಿದು ಹೋದವಳು ಹಾಗೇ ನಿಂತುಬಿಟ್ಟೆ. ಅಮ್ಮನ ಗಿಡದ ಹೂವು ಕೆಂಪು. ಅವಳ ಕಿಟಕಿಯಲ್ಲಿ ಎಷ್ಟು ಸಲ ನೋಡಿಲ್ಲ ನಾನು!

ಇವರನ್ನು ಕೇಳಿದೆ. ತಲೆ ಎತ್ತಲಿಲ್ಲ.

"ನಾಲ್ಕು ವರ್ಷದ ಹಿಂದೆ ನೀನು ಆಸ್ಪತ್ರೆಲಿದ್ದಾಗ ನೀರು ಜಾಸ್ತಿ ಹಾಕ್ಬಿಟ್ಟೆ ಕಣೇ. ಬೇರು ಸಮೇತ ಕೊಳೆತುಹೋಯ್ತು. ಅಂಥದ್ದೇ ಒಂದು ತಂದಿಟ್ಟೆ."

ನಾಲ್ಕು ವರ್ಷ! ಪುಣ್ಯಾತ್ಮ ಒಂದು ಮಾತು ಆಡಲಿಲ್ಲ. ಆ ಬದಲಿ ಗಿಡದ ಎಲೆಗಳನ್ನೇ ಒಂದೊಂದಾಗಿ ಬಿಡಿಸಿ, ಒಣ ಮಣ್ಣಿನ ಮೇಲೆ ಮಲಗಿಸಿ, ಬೇರು ಬಿಡುವ ತನಕ ಕಾದು, "ಅಮ್ಮನ ಗಿಡ" ಎಂದು ಅಕ್ಕನಿಗೂ ತಮ್ಮನಿಗೂ ಹಂಚಿದವಳು ನಾನು. ಅಕ್ಕ ದಿನಾ ಅದರ ಜೊತೆ ಮಾತಾಡುತ್ತಾಳೆ.

ಹೇಳಿಬಿಡೋಣವೆಂದು ಅವಳಿಗೆ ಫೋನ್ ಮಾಡಿದೆ. ನಾನು ಶುರು ಮಾಡುವ ಮೊದಲೇ ಅವಳು, "ಗಿಡ ಹೂ ಬಿಡ್ತು ಕಣೇ! ಹಳದಿ! ಅಮ್ಮನ ಹತ್ರ ಇದ್ದಾಗ್ಲೂ ಹಳದಿನೇ ಬಿಡ್ತಿತ್ತಲ್ವಾ?" ಎಂದಳು. ಅಳುತ್ತಿದ್ದಳು.

"ಹೌದಕ್ಕಾ" ಎಂದೆ. ಎಷ್ಟು ಸಲೀಸಾಗಿ ಬಂದುಬಿಟ್ಟಿತು! ಇನ್ನು ಇವರನ್ನು ಯಾವ ಬಾಯಲ್ಲಿ ಬೈಯಲಿ?