ಅವಸರದ ಟಿಪ್ಪಣಿ

ಮಾರ್ಚ್ 4

ಬೆಳಿಗ್ಗೆ ಮೀಟಿಂಗ್ ಹಾಲಿನಲ್ಲಿ ನಮ್ಮ ದೊಡ್ಡ ಡಾಕ್ಟರ ಭಾಷಣ. ವಿಷಯ— ಟ್ರಾನ್ಸ್‌ಜೆಂಡರ್ ರೋಗಿಗಳು ಮತ್ತು ನಾವು. ನಲವತ್ತು ಸ್ಲೈಡು. 'ಗೌರವ' ಹದಿನೇಳು ಸಲ ಬಂತು. ಎಣಿಸಿದೆ, ಬೇರೆ ಕೆಲಸವಿರಲಿಲ್ಲ. ಚಪ್ಪಾಳೆ ಮುಗಿದು ಕಾರಿಡಾರಿಗೆ ಬಂದವರೇ ನನ್ನ ಕೌನ್ಸೆಲಿಂಗ್ ರೂಮಿನ ಕಡೆ ಗದ್ದ ತೋರಿಸಿ, "ನಿಮ್ದು ಬಂದು ಕೂತಿದೆ ನೋಡಿ" ಎಂದರು.

ಕೂತಿದೆಯಂತೆ. ಬೆಕ್ಕೇನು? ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಕೂತಿದ್ದವಳು ಕನ್ನಡಕದಂಗಡಿಯಲ್ಲಿ ಗಾಜು ಸಾಣೆ ಹಿಡಿಯುವವಳು. ಮೂವತ್ತೊಂದು. ಗಂಡೆಂದು ಬೆಳೆಸಿದ್ದರು, ತಾನು ಹೆಣ್ಣೆಂದು ಮನೆಯಲ್ಲಿ ಹೇಳಿ ಎಂಟು ತಿಂಗಳಾಯಿತು. ಅಕ್ಕ-ಭಾವನ ಜೊತೆ ವಾಸ. ನಿದ್ದೆಯಿಲ್ಲ, ಊಟ ಸೇರದು. ಮನೆಯಲ್ಲಿದ್ದಷ್ಟು ಹೊತ್ತೂ ಕಿವಿಗೆ ಇಯರ್‌ಫೋನ್. ಇದು ಐದನೇ ವಾರ.

ಮಾರ್ಚ್ 11

ಇಯರ್‌ಫೋನ್ ಯಾಕೆ ಅಂತ ಕೇಳಿದೆ. ಹಾಡು ಹಾಕಿರುವುದಿಲ್ಲವಂತೆ.

"'ನಾನು ಬಂದೆ' ಅನ್ನುವಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ ಮೇಡಂ. ಆರಾಮಾಗಿರ್ತೀನಿ. ಪಕ್ಕದ ರೂಮಲ್ಲಿ ನನ್ನ ಮಾತು ಎತ್ತಿದ್ರೆ ಸಾಕು— ಬಂದ, ತಿಂದ, ಮಲಗಿದ. ಅದಕ್ಕೇ ಕಿವಿ ಮುಚ್ಕೋತೀನಿ."

ಆಮೇಲೆ ಅಕ್ಕನನ್ನು ಒಳಗೆ ಕರೆದೆ. ಸೊಂಟದ ಮೇಲೆ ಹೊತ್ತು ಬೆಳೆಸಿದ್ದಂತೆ, ನಾಲಿಗೆ ಹೊರಳುವುದಿಲ್ಲವಂತೆ. ಪಾತ್ರೆ ತೊಳೆಯುವಾಗ 'ಬಂದಳು, ತಿಂದಳು' ಎಂದು ಒಬ್ಬಳೇ ಹೇಳಿ ಅಭ್ಯಾಸ ಮಾಡುತ್ತಾಳಂತೆ. ತಲೆಯಾಡಿಸಿದೆ. ಮನಸ್ಸಿನಲ್ಲಿ— ನಾಟಕ. ಒಂದು ಅಕ್ಷರ ಬದಲಿಸಲು ಎಂಟು ತಿಂಗಳೇ? ಇಂಥ ದಡ್ಡರ ನಡುವೆ ಬದುಕಿ ನಿದ್ದೆ ಬರಬೇಕೆಂದರೆ ಹೇಗೆ ಬಂದೀತು.

ಮಾರ್ಚ್ 18

ತನ್ನ ಫೈಲು ನೋಡಬಹುದಾ ಎಂದಳು. ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ— ನಮ್ಮಲ್ಲಿ ಯಾರು ಹಾಗೆ ಕೊಡುತ್ತಾರೆ?

ಓದಿದಳು. ಹಾಳೆ ತಿರುಗಿಸಿದಳು. ಬೆರಳಿಟ್ಟಳು.

"ಇಲ್ಲಿ 'ತಡವಾಗಿ ಬಂದ' ಅಂತಿದೆ."

ಇನ್ನೊಂದು ಹಾಳೆ. 'ಅಳಲಿಲ್ಲ, ನಕ್ಕ.' ಇನ್ನೊಂದು. ಕಳೆದ ವಾರದ್ದೂ. ಎಲ್ಲ ನನ್ನದೇ ಕೈಬರಹ. ಬಾಯಿಯಲ್ಲಿ ಒಮ್ಮೆಯೂ ತಪ್ಪಿಲ್ಲ; ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಐದು ನಿಮಿಷದಲ್ಲಿ ಗೀಚಿದ್ದು, ಅವಸರದಲ್ಲಿ... ಹಾಗೇ ಹೇಳಿದೆ.

"ಅವಸರದಲ್ಲೇ ಮೇಡಂ ಒಳಗಿರೋದು ಹೊರಗೆ ಬರೋದು."

ಫೈಲು ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟು ಹೋದಳು.

ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದೆ. ಇಷ್ಟು ದಿನ ಪಕ್ಕದ ತಟ್ಟೆಯ ನೊಣ ಹೊಡೆಯುತ್ತಿದ್ದೆ.

ಏಪ್ರಿಲ್ 9

ಮೂರು ವಾರದಿಂದ ಬಂದಿಲ್ಲ. ಫೋನ್ ಎತ್ತುವುದಿಲ್ಲ. ಇವತ್ತು ಅಕ್ಕ ಬಂದಳು, ಅಪಾಯಿಂಟ್‌ಮೆಂಟ್ ಇಲ್ಲದೆ. ಕೂರಲಿಲ್ಲ. ಅಂಗಡಿಗೆ ಹೋಗುತ್ತಿಲ್ಲವಂತೆ. ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದಾಳಂತೆ. ತಟ್ಟೆ ಇಟ್ಟದ್ದು ಇಟ್ಟ ಹಾಗೇ.

"ಏನ್ ಮಾಡಿದ್ರಿ ಅವಳಿಗೆ? ನಿಮ್ಮನ್ನ ಒಬ್ಬರನ್ನ ನಂಬಿದ್ದಳು."

ಅವಳಿಗೆ. ನಂಬಿದ್ದಳು. ಸಿಟ್ಟಿನಲ್ಲಿ, ತಡವರಿಸದೆ ಬಂತು. ನಾನು ಮನಸ್ಸಲ್ಲೇ ದಡ್ಡಿ ಎಂದಿದ್ದ ಹೆಂಗಸು. ಮಾಡಿದ್ದನ್ನು ಹೇಳಿದೆ. ಪೂರ್ತಿ ಕೇಳಿ, "ನೀವೂನಾ?" ಎಂದಳು. ಅಷ್ಟೇ.

ಏಪ್ರಿಲ್ 10, ಸಂಜೆ

ಮನೆಗೆ ಹೋದೆ. ನಿಯಮಕ್ಕೆ ವಿರುದ್ಧ. ಭಾವ ಟಿವಿಯ ಶಬ್ದ ತಗ್ಗಿಸಿ ಎದ್ದು ಒಳಗೆ ಹೋದ. ಮುಚ್ಚಿದ ಬಾಗಿಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಹೇಳಿದೆ— ತಪ್ಪು ಅವಸರದ್ದಲ್ಲ, ನನ್ನದು. ಆ ಹಾಳೆಗಳನ್ನೆಲ್ಲ ಹೊಸದಾಗಿ ಬರೆದುಕೊಡುತ್ತೇನೆ.

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಕಣ್ಣು ಗುಳಿ ಬಿದ್ದಿತ್ತು.

"ಹೊಸದಾಗಿ ಬೇಡ. ಅದು ಹಾಗೇ ಇರಲಿ. ಪಕ್ಕದಲ್ಲಿ ತಿದ್ದಿ, ಸಹಿ ಹಾಕಿ. ಯಾರು ತಪ್ಪು ಬರೆದ್ರು ಅಂತ ಗೊತ್ತಾಗಲಿ."

ಅಕ್ಕ ತಟ್ಟೆ ತಂದಿಟ್ಟಳು. ನಾನಿರುವಾಗ ಮುಟ್ಟಲಿಲ್ಲ. ಮೆಟ್ಟಿಲಿಳಿಯುವಾಗ ಚಮಚದ ಸದ್ದು ಕೇಳಿತು.

ಏಪ್ರಿಲ್ 15

ತಿದ್ದಿದೆ. ಆರು ವಾರದ ಹಾಳೆ, ಇಪ್ಪತ್ತಮೂರು ಕಡೆ, ಇಪ್ಪತ್ತಮೂರು ಸಹಿ. ದೊಡ್ಡ ಡಾಕ್ಟರು ಫೈಲು ನೋಡಿ, ಇದೇನು ಮರ್ಯಾದೆ ಕಳೆಯುವ ಕೆಲಸ ಎಂದರು. ಕಳೆದದ್ದು ನನ್ನದೇ ಎಂದೆ.

ಹನ್ನೊಂದಕ್ಕೆ ಬಂದಳು. ನಿನ್ನೆಯಿಂದ ಅಂಗಡಿಗೆ ಹೋಗುತ್ತಿದ್ದಾಳೆ. ಸಾಣೆಗೆ ಹೊಸ ಮೆಷೀನ್ ತಂದಿದ್ದಾರಂತೆ— ಕೂತವಳೇ ಅದನ್ನು ಬೈಯಲು ಶುರು. ಅದನ್ನು ಕೊಂಡ ಮಾಲೀಕನನ್ನು, ಮಾರಿದವನನ್ನು, ಅವನ ಟೈಯನ್ನು. ನಾನು ನಡುವೆ ಬಾಯಿ ಹಾಕಿ, ನಿದ್ದೆ ಹೇಗಿದೆ ಎಂದೆ.

"ಸುಮ್ನಿರಿ ಮೇಡಂ, ಇನ್ನೂ ಹೇಳೋದಿದೆ."

ಪೆನ್ನು ಕೆಳಗಿಟ್ಟೆ. ಆ ಟೈಯವನು ಡೆಮೊ ಕೊಡಲು ಹೋಗಿ ಸ್ವಿಚ್ಚು ಒತ್ತಿದ್ದೇ, ಟೈ ಮೆಷೀನಿಗೆ ಸಿಕ್ಕಿತಂತೆ— ಹೇಳುತ್ತ ಹೇಳುತ್ತ ಅವಳು ನಕ್ಕಳು.