ಮಹಾರಾಣಿಗೊಂದು ಮೂಲೆ

ಮನೆಯಿಂದ,
ಜನವರಿ ೧೯, ಭಾನುವಾರ, ಪೂಜೆ ಮುಗಿಸಿ ಬಂದು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಆಸ್ಪತ್ರೆಯ ಕೆಲಸದಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದು ಬರೆದಿದ್ದೆಯಲ್ಲ. ಬಿಸಿನೀರಿನಲ್ಲಿ ಇಡುತ್ತಿದ್ದೀಯಾ, ಇಲ್ಲಾ ನಿನ್ನ ಅಮ್ಮನಂತೆ "ಇರಲಿ ಬಿಡಿ" ಎನ್ನುತ್ತೀಯಾ? ಅಳಿಯಂದಿರ ಕೆಮ್ಮು ಬಿಟ್ಟಿತೆ? ನನ್ನ ಆರೋಗ್ಯ ನನ್ನ ಹಳೇ ಕತ್ತರಿಯ ಹಾಗೆ, ಕಿರುಗುಟ್ಟುತ್ತದೆ, ಆದರೂ ಕೆಲಸ ಮಾಡುತ್ತದೆ.

ಅಂಗಡಿಗೆ ರಜೆಯಿರುವ ದಿನ ನಾನು ಚರ್ಚಿನ ಹಿಂದಿನ ಜಗಲಿಯಲ್ಲಿ ಮನೆಯಿಲ್ಲದವರಿಗೆ ಕ್ಷೌರ ಮಾಡುವುದು ನಿನಗೆ ಗೊತ್ತೇ ಇದೆ. ಅಮ್ಮ ಹೋದ ಮೇಲೆ ಹತ್ತಿದ ಅಭ್ಯಾಸ. ಜಪಸರ ಹಿಡಿದರೆ ನನಗೆ ತೂಕಡಿಕೆ ಬರುತ್ತದೆ, ಕತ್ತರಿ ಹಿಡಿದರೆ ಪ್ರಾರ್ಥನೆ ಬರುತ್ತದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ಮುದುಕಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗುವವಳು. ಕುರ್ಚಿಯಲ್ಲಿ ಕೂರುವ ಠೀವಿ ನೋಡಿ ಮಹಾರಾಣಿ ಎನ್ನುತ್ತಿದ್ದೆ. ಅವಳ ಬಾಯಲ್ಲಿ ನಾನು "ಲೇ ಕತ್ತರಿ". "ಕಿವಿ ಉಳ್ಸೋ, ಜನ ಬೈಯೋದು ಕೇಳ್ಬೇಕಲ್ಲ" ಎಂದು ತಾನೇ ನಗುತ್ತಿದ್ದಳು. ಮೊದಲ ಸಲ ಬಂದಾಗ ಮಾತ್ರ, ತಲೆ ಮುಟ್ಟಿದ್ದೇ ತಡ, ಅತ್ತುಬಿಟ್ಟಳು. ನೋವಾಯಿತೇ ಎಂದು ಕೇಳಿದೆ. "ಇಲ್ಲ ಕಣೋ, ಯಾರಾದ್ರೂ ಮುಟ್ಟಿ ಬಹಳ ಕಾಲ ಆಯ್ತು."

ಈ ಚಳಿಗೆ ಅವಳ ಎದೆ ಕಟ್ಟಿತು. ನಾನೂ ಚರ್ಚಿನ ಗುರುಗಳೂ ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಸಂಜೆ ಹೋಗಿ ತಲೆ ಬಾಚಿ ಬರುತ್ತಿದ್ದೆ. ದಿಕ್ಕಿಲ್ಲದವರನ್ನು ಊರಾಚೆ ಒಂದೇ ಗುಂಡಿಗೆ ಹಾಕುತ್ತಾರೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಸಾವಿಗೆ ಹೆದರದವಳು ಅದಕ್ಕೆ ಹೆದರಿದಳು. ನನ್ನ ಮುಂಗೈ ಹಿಡಿದು, "ಬದುಕಿದ್ದಾಗ ಎಲ್ಲಿ ಮಲಗಿದ್ರೂ ಎಬ್ಬಿಸಿ ಕಳ್ಸಿದ್ರು. ಸತ್ತ ಮೇಲಾದ್ರೂ ಯಾರೂ ಎಬ್ಬಿಸದ ಒಂದು ಮೂಲೆ ಕೊಡ್ಸೋ" ಎಂದಳು. ಕೊಡಿಸುತ್ತೇನೆ ಎಂದೆ. ಬಾಯಿ ಜಾರಿ ಬಂದ ಮಾತಲ್ಲ ಮಗಳೇ, ಮನಸ್ಸಿಟ್ಟೇ ಹೇಳಿದ್ದು. ಮಂಗಳವಾರ ನಾನು ಬಾಚಣಿಗೆ ಹೊರತೆಗೆಯುವಷ್ಟರಲ್ಲಿ ಅವಳ ಉಸಿರು ನಿಂತಿತು.

ಗುರುಗಳು ಚರ್ಚಿನಲ್ಲಿ ಅವಳ ಆತ್ಮಕ್ಕಾಗಿ ಪೂಜೆ ಅರ್ಪಿಸಿದರು. ಜಗಲಿಗೆ ಬರುವವರೆಲ್ಲ ಬಂದು, ರೂಢಿಯಂತೆ ಬಾಗಿಲ ಬಳಿಯೇ ಮುದುಡಿ ನಿಂತಿದ್ದರು. ಗುರುಗಳು ಪೀಠದಿಂದ ಇಳಿದು ಹೋಗಿ, "ಇವತ್ತು ಮನೆಯವರು ನೀವೇ, ಮುಂದೆ ಬನ್ನಿ" ಎಂದು ಕೈಹಿಡಿದು ಕರೆತಂದು ಮೊದಲ ಬೆಂಚಿನಲ್ಲಿ ಕೂರಿಸಿದರು. ಪೆಟ್ಟಿಗೆ ಮುಚ್ಚುವ ಮುನ್ನ ನಾನು ಅವಳ ಕೂದಲು ನೀಟಾಗಿ ಬಾಚಿದೆ. ಈ ಸಲ ಬೈಗುಳ ಬರಲಿಲ್ಲ, ಇನ್ನೊಮ್ಮೆ ಬಾಚಿದೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ಮಡಿಲಲ್ಲಿಟ್ಟು ಕಾಯಲಿ.

ನಿನ್ನ
ಅಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಚರ್ಚಿನ ಸಮಾಧಿ ಸ್ಥಳದಲ್ಲಿ ಬೇರೆ ಜಾಗವಿರಲಿಲ್ಲ. ಮಹಾರಾಣಿಯನ್ನು ನಿನ್ನ ಅಮ್ಮನ ಪಕ್ಕ, ನನಗೆಂದು ಇಟ್ಟುಕೊಂಡಿದ್ದ ಜಾಗದಲ್ಲೇ ಮಲಗಿಸಿದೆವು. ನನ್ನ ಕಾಲ ಬಂದಾಗ ಎಲ್ಲಿ ಮಣ್ಣು ಸಿಕ್ಕರೂ ಸರಿ, ನೀನು ಹಟ ಹಿಡಿಯಬೇಡ. ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಇವತ್ತು ಅಮ್ಮನನ್ನು ನೋಡಲು ಹೋದರೆ, ನಾನು ಯಾವಾಗಲೂ ನಿಲ್ಲುತ್ತಿದ್ದ ಕಡೆ ಹಸಿಮಣ್ಣಿತ್ತು. ಎಲ್ಲಿ ನಿಲ್ಲಬೇಕೋ ತಿಳಿಯದೆ, ಗೇಟಿನ ಹತ್ತಿರವೇ ಸ್ವಲ್ಪ ಹೊತ್ತು ನಿಂತು ಬಂದೆ.