ಚಾಲೂ ಮಾಡಿ ನೋಡ್ರಿ

ಸುರಪುರ,
೮ ಅಕ್ಟೋಬರ್ ೨೦೨೫, ಬುಧವಾರ ಮಧ್ಯಾಹ್ನ

ನನ್ನ ಬಂಗಾರಿ ಉಮಾಶ್ರೀಗೆ,

ಲಕೋಟೆ ಹರಿಯುವಾಗ ಹುಷಾರು, ಒಳಗೆ ದಸರಾದ ಬಂಗಾರ, ಬನ್ನಿ ಎಲೆ ಇಟ್ಟಿದ್ದೇನೆ. ಉದುರಿದ್ದರೆ ಆರಿಸಿ ಕಣ್ಣಿಗೊತ್ತಿಕೊ. ಬಂಗಾರ ತಗೊಂಡು ಬಂಗಾರದಂಗ ಇರು. ಹೈದರಾಬಾದಿನಲ್ಲಿ ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಸರ್ವಿಸ್ ಸೆಂಟರಿನಲ್ಲಿ ದಿನವೆಲ್ಲ ಬೆಸುಗೆಯ ಹೊಗೆ ಕುಡಿಯುತ್ತೀ, ಮೂಗಿಗೆ ಬಟ್ಟೆ ಕಟ್ಟಿಕೊ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಹಾಸ್ಟೆಲಿನ ಅನ್ನ ಸೇರದಿದ್ದರೆ ಹೇಳು, ನಿಮ್ಮವ್ವ ಶಾಂತಾದೇವಿ ಖಡಕ್ ರೊಟ್ಟಿ ಮಾಡಿ ಕಳಿಸುತ್ತಾಳಂತೆ. ಇಲ್ಲಿ ಎಲ್ಲರೂ ಆರಾಮ. ನಿಮ್ಮಜ್ಜಿ ಅನ್ನಮ್ಮನ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಿಮ್ಮಪ್ಪ ಮಹೇಶ ತಾಲೂಕು ಕಚೇರಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ನಿನ್ನ ವಿಷಯ ತೆಗೆಯುತ್ತಾನೆ. "ತಿಂಗಳ ಪಗಾರ ಬರೋ ನೌಕರಿ ಬಿಟ್ಟು ಇಲ್ಲಿ ಸ್ಕ್ರೂ ತಿರುವ್ಲಿಕ್ಕೆ ಬರ್ತಾಳಂತ" ಅಂತಾನೆ. ನಾನು ಕೇಳಿಸದವನಂತೆ ಎದ್ದು ಅಂಗಳಕ್ಕೆ ಹೋಗುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಹಚ್ಚಿದರೆ ನಿಮ್ಮಪ್ಪ "ಸ್ಪೀಕರ್ ಹಾಕ್ರಿ" ಅಂತಾನೆ, ನಿಮ್ಮವ್ವ ಒಲೆ ಸಣ್ಣ ಮಾಡಿ ಬಂದು ಕೂಡುತ್ತಾಳೆ, ಅಜ್ಜಿ ನಡುವೆ ಬಾಯಿ ಹಾಕುತ್ತಾಳೆ. ನಾನು ಹೇಳಬೇಕಾದದ್ದನ್ನು ಹೊರಗಿನವರ ಎದುರು ಹೇಳಿದ್ದಾಯಿತು, ಮನೆಯವರ ಎದುರು ಇನ್ನೂ ಆಗುತ್ತಿಲ್ಲ. ಅಲ್ಲದೆ ಬನ್ನಿ ಎಲೆ ಫೋನಿನಲ್ಲಿ ಹೋಗುವುದಿಲ್ಲ.

ಗಣೇಶ ಚೌತಿಗೆ ಬಂದಾಗ ನೀನು ಕಟ್ಟೆಯ ಮೇಲೆ ಕೂತು ಒಂದು ಭಾರ ನನ್ನ ತಲೆಗೆ ಹೊರಿಸಿ ಹೋದೆ. "ಅಜ್ಜಾ, ನೀ ರಿಪೇರಿ ಮಾಡಿದಾಂವ. ನಮ್ಮೂರಾಗ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದ್ರ ನಡೀತದೋ ಇಲ್ಲೋ, ತಿರುಗಾಡಿ ನೋಡಿ ಹೇಳು. ನೀ ಹ್ಞೂಂ ಅಂದ್ರ ಬರ್ತೀನಿ, ಬ್ಯಾಡ ಅಂದ್ರ ಅಲ್ಲೇ ಹೈದರಾಬಾದಿನಾಗ ಎರಡು ವರ್ಷದ ಬಾಂಡಿಗೆ ಸಹಿ ಹಾಕ್ತೀನಿ." ಅಕ್ಟೋಬರ್ ಹದಿನೈದನೇ ತಾರೀಖಿನೊಳಗೆ ಸಹಿ ಆಗಬೇಕು ಎಂದೂ ಹೇಳಿದೆ. ಅವತ್ತಿನಿಂದ ನಾನು ಒಂದು ಕಡೆ ಕೂತಿಲ್ಲ. ಚಹಾ ಅರ್ಧ ಕುಡಿದು ಎದ್ದುಬಿಡುತ್ತೇನೆ. ಅಜ್ಜಿ "ಕಾಲಾಗ ಗಾಲಿ ಹಚ್ಚ್ಯಾರೇನು" ಎಂದು ಬೈಯುತ್ತಾಳೆ. ಸುರಪುರದ ಬೀದಿ ಬೀದಿ ತಿರುಗಿದೆ. ಝೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ತುಂಬುವ ಸೆಂಟರು, ಬೀಜ ಗೊಬ್ಬರದ ಅಂಗಡಿಯ ಬಿಲ್ಲಿನ ಮಷೀನು, ಶಾಲೆಗಳಲ್ಲಿ ಮುಸುಕು ಹಾಕಿಟ್ಟವು, ಎಲ್ಲ ಸೇರಿ ಸಾಕಷ್ಟಿವೆ. ಕೆಟ್ಟರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ದುಪ್ಪಟಿಯಲ್ಲಿ ಕಟ್ಟಿಕೊಂಡು ಶಹಾಪುರಕ್ಕೆ, ಇಲ್ಲದಿದ್ದರೆ ಯಾದಗಿರಿಗೆ. ಕಕ್ಕೇರಾದ ಒಬ್ಬನಿಗೆ ಹೋಗಿ ಬರುವುದರಲ್ಲೇ ಎರಡು ದಿನ ಹೋಗುತ್ತವಂತೆ. ಅದನ್ನು ಕೇಳಿದಾಗ ನಿನಗೆ ಬಾ ಅನ್ನಬೇಕು ಅನಿಸಿತು. ಮುಂದಿನ ಓಣಿಯಲ್ಲಿ ಹುಡುಗರು ಅರ್ಜಿ, ಫಲಿತಾಂಶ, ಬ್ಯಾಂಕು ಎಲ್ಲವನ್ನೂ ಫೋನಿನಲ್ಲೇ ಮುಗಿಸುವುದನ್ನು ನೋಡಿ ಬರಬೇಡ ಅನ್ನಬೇಕು ಅನಿಸಿತು. ಹೀಗೆ ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಾಯಿಸಿ ನನಗೇ ಸಾಕಾಯಿತು.

ಆಗ ಒಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು. ಈ ಕಸುಬಿನಲ್ಲಿ ನಿಯತ್ತಿನ ಮಂದಿ ಇದ್ದಾರೋ ಕಳ್ಳರಿದ್ದಾರೋ ನೋಡೋಣ, ಕಳ್ಳರಿದ್ದರೆ ನಿಯತ್ತಿನವಳಿಗೆ ಜಾಗ ಇದೆ ಎಂದು ಲೆಕ್ಕ ಹಾಕಿದೆ. ಡಿಪ್ಲೊಮಾ ಓದುವಾಗ ನೀನು ಬಳಸುತ್ತಿದ್ದ ಆ ಹಳೆಯ ಕಂಪ್ಯೂಟರ್ ಅಟ್ಟದ ಮೇಲಿತ್ತಲ್ಲ, ಇಳಿಸಿ ಒರೆಸಿ ಹಚ್ಚಿ ನೋಡಿದೆ. ಚೆನ್ನಾಗಿ ನಡೆಯಿತು. ಆರಿಸಿ, ಡಬ್ಬಿ ಬಿಚ್ಚಿ, ರ‍್ಯಾಮ್ ಎಂದು ನೀನು ತೋರಿಸಿದ್ದ ಹಸಿರು ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿ ಮುಚ್ಚಿದೆ. ಒತ್ತಿದರೆ ಸರಿಹೋಗುವ ಕೆಲಸ. ಯಾರು ಏನೇನು ಹೇಳುತ್ತಾರೆ ನೋಡಬೇಕಾಗಿತ್ತು. ಅವತ್ತೇ ಆಯುಧಪೂಜೆ. ಮೊಮ್ಮಗಳ ಆಯುಧ, ನಾಡಿದ್ದು ದೊಡ್ಡ ಕೆಲಸಕ್ಕೆ ಹೊರಟಿದೆ ಎಂದು ನಾನು ಕೈ ಬಿಗಿ ಹಿಡಿಯದೆ ಪೂಜೆ ಮಾಡಿದೆ. ಮೂರು ಬೆರಳು ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಕಾಯಿ ಒಡೆದು ಅದರ ನೀರನ್ನು ಮೇಲಿಂದ ಪ್ರೋಕ್ಷಣೆ ಮಾಡಿದೆ. ಆರತಿ ಆದಮೇಲೆ ಶಾಸ್ತ್ರಕ್ಕೆ ಒಂದು ಗಳಿಗೆ ಹಚ್ಚಿದೆ. ಪರದೆ ಕಪ್ಪಾಗಿಯೇ ಇತ್ತು. ನನ್ನ ಕೈಚಳಕ ಎಂದು ಒಳಗೊಳಗೇ ನಕ್ಕೆ. ಅಜ್ಜಿ ಮಾತ್ರ "ಏನೋ ಸುಟ್ಟ ವಾಸನಿ ಬರಾಕತ್ತದ ನೋಡ್ರಿ" ಅಂದಳು. ಕರ್ಪೂರದ್ದು, ಸುಮ್ಮನಿರು ಅಂದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಅದನ್ನು ದುಪ್ಪಟಿಯಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಕಂಡಕ್ಟರ್ ಲಗೇಜಿನ ಟಿಕೆಟ್ ಬೇರೆ ಹರಿದ. ಮೊದಲು ದೂರದ ಯಾದಗಿರಿ, ಬರುವಾಗ ಶಹಾಪುರ ಎಂದು ಯೋಚಿಸಿದ್ದೆ. ಯಾದಗಿರಿಯ ಸ್ಟೇಷನ್ ರಸ್ತೆಯ ಒಂದು ಸಣ್ಣ ಅಂಗಡಿಗೆ ಹೋದೆ. ಅಂಗಡಿಯವನ ಹೆಸರು ಬುದ್ಧಪ್ರಿಯ, ನಿನಗಿಂತ ಐದಾರು ವರ್ಷ ದೊಡ್ಡವನಿರಬೇಕು, ಮಾತು ಕಡಿಮೆ. ಪಟ್ಟಿಯನ್ನು ತೆಗೆದು, ಒರೆಸಿ, ಕೂರಿಸಿ, ಏನೇನೋ ಹಚ್ಚಿ ನೋಡಿದ. ಕಾಲು ಗಂಟೆ ಆದಮೇಲೆ "ಇದರಾಗ ನೀರು ಬಿದ್ದಾದೇನ್ರಿ?" ಎಂದು ಕೇಳಿದ. ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ ಉಮಾ, ದೇವರ ಕಾಯಿ ನೀರನ್ನು ನಾನು ನೀರು ಎಂದುಕೊಂಡೇ ಇರಲಿಲ್ಲ. "ಬೋರ್ಡ್ ಸುಟ್ಟು ಹೋಗ್ಯಾದರಿ ಅಜ್ಜಾರ" ಅಂದ. ನಾನು ಕಾದಿದ್ದದ್ದೇ ಆ ಮಾತಿಗೆ. ಎದ್ದು ನಿಂತೆ. ಅಂಗಡಿಯಲ್ಲಿ ಮೂರು ಮಂದಿ ಗಿರಾಕಿಗಳಿದ್ದರು, ಅವರ ಕಡೆ ತಿರುಗಿ, ಪಟ್ಟಿ ಸಡಿಲ ಮಾಡಿ ತಂದವನು ನಾನೇ, ಇವನು ಬೋರ್ಡ್ ಸುಟ್ಟಿದೆ ಅಂತಾನೆ, ಇವನು ಕಳ್ಳ ಎಂದು ಕೂಗಿದೆ. ಅವನು ಜಗಳಕ್ಕೆ ಬರಲಿಲ್ಲ. "ಪಟ್ಟಿ ನಾ ಒತ್ತೀನ್ರಿ. ನಿಂತು ಚಾಲೂ ಮಾಡಿ ನೋಡ್ರಿ" ಅಂತ ಒಂದೇ ಮಾತು ಎರಡು ಸಲ ಹೇಳಿದ. ನಾನು ನೋಡಲಿಲ್ಲ. ಗಂಟು ಕಟ್ಟಿಕೊಂಡು ಇಳಿದೆ. ನನ್ನ ಹಿಂದೆಯೇ ಒಬ್ಬ ಗಿರಾಕಿ ತನ್ನ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಹೊರಗೆ ಬಂದ. ಅದನ್ನು ನೋಡಿ ಆಗ ನನಗೆ ಸಂತೋಷವೇ ಆಯಿತು.

ಅದೇ ಜೋರಿನಲ್ಲಿ ಶಹಾಪುರದಲ್ಲಿ ಇಳಿದೆ. ಅಲ್ಲಿ ಗೌಹರಬೇಗಂ ಎಂಬ ಹೆಣ್ಣುಮಗಳು ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಮಾಡುತ್ತಾಳೆ. ಹೆಂಗಸು ಈ ಕೆಲಸ ಮಾಡುವುದನ್ನು ನೋಡಿ ನಿನ್ನ ನೆನಪಾಗಿ ಖುಷಿಯಾಯಿತು. ಯಾದಗಿರಿಯ ಕಥೆಯನ್ನು ಬಣ್ಣ ಹಚ್ಚಿ ಹೇಳುತ್ತಲೇ ಡಬ್ಬಿ ಕೊಟ್ಟೆ. ಅವಳು ಬಿಚ್ಚಿ, ಬ್ಯಾಟರಿ ಬೆಳಕು ಬಿಟ್ಟು ನೋಡಿ, ಮೂಗು ಹತ್ತಿರ ತಂದು ಮೂಸಿದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. "ಅಜ್ಜಾ, ಆ ಮನುಷ್ಯಾ ಖರೆ ಹೇಳ್ಯಾನ್ರಿ. ಇದು ಕಾಯಿ ನೀರು ಕುಡದಾದ." ಬೋರ್ಡಿನ ಮೇಲೆ ಕುಂಕುಮ ಅಂಟಿ ಒಣಗಿತ್ತು, ಅದರ ಪಕ್ಕದಲ್ಲೇ ಕಪ್ಪಗೆ ಸುಟ್ಟ ಗುರುತು. ಗೋಡೆಯ ಕಡೆ ಕೈ ಮಾಡಿದಳು. ಅಲ್ಲಿ ಇನ್ನೂ ಐದು ಮಷೀನುಗಳು, ಎಲ್ಲದರ ಹಣೆಗೂ ವಿಭೂತಿ. "ದಸರಾ ಆದ ವಾರ ನಮ್ಮ ಸೀಜನ್ ರಿ. ಪೂಜಾ ಮಾಡಬ್ಯಾಡ್ರಿ ಅನ್ನಂಗಿಲ್ಲ, ಜರಾ ದೂರಿಂದ ಮಾಡ್ರಿ" ಎಂದು ನಕ್ಕಳು. ಚಹಾ ಕೊಟ್ಟಳು. ಅರ್ಧ ಬಿಟ್ಟು ಗಂಟು ಕಟ್ಟಿಕೊಂಡು ಎದ್ದೆ.

ಈಗ ನಿನಗೊಬ್ಬಳಿಗೇ ಹೇಳುವ ಮಾತು. ನಾನು ನಿಮಗೆಲ್ಲ ಹೇಳುತ್ತಾ ಬಂದದ್ದೇನು? ಟಿವಿ ಬಂತು, ರೇಡಿಯೋ ಹೋಯಿತು, ಅದಕ್ಕೇ ನನ್ನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದೆ ಎಂದು. ಅದು ಸುಳ್ಳು. ಟಿವಿ ಬಂದಮೇಲೂ ಕೆಲಸ ಇತ್ತು. ಒಬ್ಬ ಸಾಹುಕಾರ ಸೆಟ್ ತಂದಿದ್ದ, ಒಳಗಿನ ಒಂದು ಸಾಮಾನು ಖರೇನೇ ಸುಟ್ಟಿತ್ತು, ಹೇಳಿ ಬೇರೆ ಹಾಕಿ ಕೊಟ್ಟೆ. ಬರೀ ಒಂದು ವೈರ್ ಕಳಚಿತ್ತು ಎಂದು ಯಾರೋ ಅವನ ಕಿವಿಯಲ್ಲಿ ಊದಿದರು. ಸಂತೆಯ ದಿನ ಬಂದು ಬಾಗಿಲಲ್ಲಿ ನಿಂತು ಕಳ್ಳ ಎಂದು ಕೂಗಿದ. ಹಳೆಯ ಸಾಮಾನು ಇಲ್ಲೇ ಅದ, ಹಚ್ಚಿ ನೋಡ್ರಿ ಅಂದೆ. ಅವನು ನೋಡಲಿಲ್ಲ. ಅಲ್ಲಿಂದ ಮುಂದೆ ಬಂದ ಗಿರಾಕಿಗಳೆಲ್ಲ ಸ್ಟೂಲ್ ಎಳೆದುಕೊಂಡು ನನ್ನ ಕೈಯನ್ನೇ ನೋಡುತ್ತಾ ಕೂಡತೊಡಗಿದರು. ಅದನ್ನು ಎಂಟು ತಿಂಗಳು ತಡೆದುಕೊಂಡೆ. ಆಮೇಲೆ ಬೀಗ ಹಾಕಿ ಹತ್ತಿ ಮಿಲ್ಲಿನಲ್ಲಿ ತೂಕ ಬರೆಯಲು ಹೋದೆ. ಮೂವತ್ತಾರು ವರ್ಷ ಆ ಸಾಹುಕಾರನನ್ನು ಮನಸ್ಸಿನಲ್ಲಿ ಬೈದಿದ್ದೇನೆ, ಶುಕ್ರವಾರ ನಾನೇ ಅವನಾದೆ. ನನಗೆ ನಾಚಿಕೆಯಾಗಿದೆ ಉಮಾ.

ಶನಿವಾರ, ರವಿವಾರ, ಸೋಮವಾರ ಅಂಗಳ ಅಳೆದೆ. ಅಜ್ಜಿಗೆ ಅರ್ಧ ಹೇಳಿದೆ, ಉಳಿದರ್ಧ ಅವಳೇ ತಿಳಿದುಕೊಂಡಳು. "ಹೋಗಿ ಆ ಹುಡುಗಗ ಬನ್ನಿ ಎಲಿ ಕೊಟ್ಟು ಬರ್ರಿ, ಇಲ್ಲಂದ್ರ ನನ್ನ ಅಂಗಳ ತೂತು ಬೀಳ್ತದ" ಅಂದಳು. ನಿನ್ನೆ ಮತ್ತೆ ಗಂಟು ಹೊತ್ತು ಯಾದಗಿರಿಗೆ ಹೋದೆ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಬನ್ನಿ ಎಲೆ ಮುಂದೆ ಹಿಡಿದು ತಪ್ಪಾಯಿತು ಅಂದೆ. ಅವನು ಕೈ ಚಾಚಲಿಲ್ಲ. "ನಾಕು ಮಂದ್ಯಾಗ ಅಂದಿದ್ರಿ ಅಜ್ಜಾರ, ನಾಕು ಮಂದ್ಯಾಗೇ ಹೇಳ್ರಿ. ಗಿರಾಕಿ ಬರಲಿ, ಕೂಡ್ರಿ" ಎಂದು ಸ್ಟೂಲ್ ತೋರಿಸಿದ. ಅವನ ಮಾತು ನ್ಯಾಯದ್ದು. ಕೂತೆ. ಎರಡು ತಾಸು ಒಬ್ಬನೂ ಬರಲಿಲ್ಲ. ನೀನು ಕೇಳಿದ್ದಕ್ಕೆ ಅದೂ ಒಂದು ಉತ್ತರ, ಬರೆದಿಟ್ಟುಕೊ: ಜಿಲ್ಲಾ ಕೇಂದ್ರದಲ್ಲಿ, ಸ್ಟೇಷನ್ ರಸ್ತೆಯಲ್ಲಿ, ಮಂಗಳವಾರ, ಎರಡು ತಾಸು ಯಾರೂ ಇಲ್ಲ. ಆದರೆ ಆ ಎರಡು ತಾಸು ಅವನ ಕೈ ನಿಲ್ಲಲಿಲ್ಲ. ಮೊದಲೇ ಬಂದು ಬಿದ್ದಿದ್ದ ಕೆಲಸ ಇತ್ತು. ನಾನು ಅವನ ಕೈ ನೋಡುತ್ತಾ ಕೂತಿದ್ದೆ, ನನ್ನ ಹಳೆಯ ಗಿರಾಕಿಗಳು ನೆನಪಾಗಿ ಸ್ಟೂಲನ್ನು ಬೀದಿಯ ಕಡೆ ತಿರುಗಿಸಿ ಕೂತೆ. ಕೊನೆಗೆ ಪ್ರಿಂಟರ್ ಹೊತ್ತುಕೊಂಡು ಝೆರಾಕ್ಸ್ ಅಂಗಡಿಯ ಹೆಂಗಸು, ಹಿಂದೆಯೇ ಇಬ್ಬರು ಮೇಷ್ಟ್ರು ಬಂದರು. ಎದ್ದು ನಿಂತು, ಈ ಮನುಷ್ಯ ಖರೆ ಹೇಳಿದ್ದ, ಕಳ್ಳ ಅಂದದ್ದು ನನ್ನ ತಪ್ಪು, ಕಾಯಿ ನೀರು ಹಾಕಿದವನು ನಾನು ಎಂದು ಹೇಳಿದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಬುದ್ಧಪ್ರಿಯ ಮಾತ್ರ ಕೈ ಚಾಚಿ ಬನ್ನಿ ತೆಗೆದುಕೊಂಡ, ಮೇಜಿನ ಗಾಜಿನ ಕೆಳಗೆ ಇಟ್ಟ. ಶುಕ್ರವಾರ ಎದ್ದು ಹೋದ ಗಿರಾಕಿ ಮಾತ್ರ ಮತ್ತೆ ಬಂದಿಲ್ಲವಂತೆ.

ಇನ್ನು ನಿನ್ನ ಪ್ರಶ್ನೆಗೆ. ಸುರಪುರದಲ್ಲಿ ಕೆಲಸ ಇದೆ, ಆದರೆ ದಿನವೂ ಇಲ್ಲ. ಕೆಲವು ದಿನ ನೊಣ ಹೊಡೆಯಬೇಕು. ಕೆಲಸಕ್ಕಿಂತ ಕಷ್ಟದ್ದು ಬೇರೆ ಇದೆ. ನಿನ್ನ ಅಂಗಡಿಗೆ ಬರುವ ಗಿರಾಕಿ ಯಾರು ಗೊತ್ತೇನು? ನಾನೇ. ಕಾಯಿ ನೀರು ಹಾಕಿ, ನೀರು ಬಿದ್ದಿಲ್ಲ ಎಂದು ಹೇಳಿ, ನಿನ್ನ ಕೈಯನ್ನೇ ನೋಡುತ್ತಾ ಕೂಡುವ ಮುದುಕ. ಅವನನ್ನು ದಿನಾ ತಡೆದುಕೊಳ್ಳುವ ಗಟ್ಟಿತನ ನನಗಿರಲಿಲ್ಲ, ಬುದ್ಧಪ್ರಿಯನಿಗಿದೆ. ನಿನಗಿದೆಯೋ ಇಲ್ಲವೋ ನೀನೇ ಬಲ್ಲೆ. ಹ್ಞೂಂ ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ನನ್ನ ಬಾಯಿಗೆ ಈಗ ಅಧಿಕಾರವಿಲ್ಲ. ನಿನ್ನ ಬುದ್ಧಿಗೆ ತೋಚಿದಂತೆ ಮಾಡು. ನಿಮ್ಮಪ್ಪನನ್ನು ನಾನು ನೋಡಿಕೊಳ್ಳುತ್ತೇನೆ.

ಅಜ್ಜಿಯದೂ ನನ್ನದೂ ನಿನ್ನ ತಲೆಯ ಮೇಲೆ ಕೈ. ಬಸವಣ್ಣ ನಿನ್ನನ್ನು ಕಾಯಲಿ. ಮೂಗಿಗೆ ಬಟ್ಟೆ ಕಟ್ಟಿಕೊ.

ನಿನ್ನ ಅಜ್ಜ,
ಲಿಂಗಣ್ಣ

ತಾ.ಕ.: ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಮಷೀನನ್ನು ಬುದ್ಧಪ್ರಿಯನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಬೇರೆ ಬೋರ್ಡ್ ಹಾಕಲೇನ್ರಿ ಎಂದು ಕೇಳಿದ. ಬೇಡ, ಅದನ್ನು ರಿಪೇರಿ ಮಾಡುವವಳು ಬರುತ್ತಾಳೆ, ಸುರಪುರದಲ್ಲಿ ಅಂಗಡಿ ಹಾಕುತ್ತಾಳೆ ಅಂದುಬಿಟ್ಟೆ. ಯಾವಾಗ ಅಂದ. ದೀಪಾವಳಿಗೆ ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ಮೇಷ್ಟ್ರುಗಳೂ ಕೇಳಿಸಿಕೊಂಡರು. ಆ ಅಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಒಂದು ಸಲ ಸುಳ್ಳುಗಾರನಾಗಿದ್ದೇನೆ ಉಮಾ, ಎರಡನೇ ಸಲ ನನ್ನನ್ನು ಹಾಗೆ ಮಾಡಬೇಡ.